ಐದನೆಯದು ಮುಗಿಯಿತು, ಆರನೆಯದಕ್ಕೆ ಎಲ್ಲಿಗೆ?

ಅಕ್ಕಾವರನ್ನು ಕೇಳಿ: ಓದುಗರ ಪ್ರಶ್ನೆ, ನಿವೃತ್ತ ಮುಖ್ಯೋಪಾಧ್ಯಾಯಿನಿಯ ಉತ್ತರ

ಈ ಸಲದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆರನೆಯ ತರಗತಿಯವೇ. ಕಬ್ಬಿನ ಗಾಣಕ್ಕೆ ಹಂಗಾಮು ಇರುವಂತೆ ಈ ಚಿಂತೆಗೂ ಒಂದು ಹಂಗಾಮು ಇದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಸೀಮೆಸುಣ್ಣ ಹಿಡಿದವಳು ನಾನು. ಮೊದಲು ಖಾನಾಪುರ ತಾಲ್ಲೂಕಿನಲ್ಲಿ, ಆಮೇಲೆ ಬೆಳಗಾವಿ ನಗರದಲ್ಲಿ. ಹೀಗಾಗಿ ಈ ಪತ್ರಗಳ ಅಕ್ಷರ ನೋಡಿದರೇ ಬರೆದವರು ಯಾವ ಗಡಿಬಿಡಿಯಲ್ಲಿದ್ದಾರೆ ಎಂದು ತಿಳಿಯುತ್ತದೆ.

ಅಕ್ಕಾವರೇ, ನಾನು ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತೇನೆ. ಮಗಳು ನಮ್ಮ ಗಲ್ಲಿಯ ಮರಾಠಿ ಶಾಲೆಯಲ್ಲಿ ಐದನೆಯ ತರಗತಿ. ಅಲ್ಲಿ ಐದರ ತನಕ ಮಾತ್ರ ಇದೆ. ಮುಂದೆ ಕನ್ನಡ ಶಾಲೆಗೆ ಹಾಕಬೇಕೆಂದಿದ್ದೇನೆ. ಪರೀಕ್ಷೆ ಬರೆಯಬೇಕೇ? ಒಬ್ಬರು ಟಿ.ಸಿ. ಇಲ್ಲದೆ ಒಳಗೆ ಬಿಡುವುದಿಲ್ಲ ಎಂದು ಹೆದರಿಸಿದ್ದಾರೆ.
ಒಬ್ಬ ತಾಯಿ, ಅನಗೋಳ, ಬೆಳಗಾವಿ

ತಂಗಿ, ಹೆದರಿಸಿದವರಿಗೆ ಬೇರೆ ಕೆಲಸವಿಲ್ಲ. ಓಣಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರನೆಯ ತರಗತಿಗೆ ಪ್ರವೇಶ ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ದೇಣಿಗೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ (ಆರ್‌ಟಿಇ) 13ನೇ ಸೆಕ್ಷನ್ ಇವನ್ನೆಲ್ಲ ನಿಷೇಧಿಸಿದೆ. ಅದೇ ಕಾಯ್ದೆಯ 5ನೇ ಸೆಕ್ಷನ್ ಹೇಳುವುದು ಇಷ್ಟು: ಶಾಲೆಯಲ್ಲಿ ಮುಂದಿನ ತರಗತಿ ಇಲ್ಲದಿದ್ದರೆ ಮಗು ಬೇರೆ ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಹೋಗುವುದು ಅದರ ಹಕ್ಕು, ಹಳೆಯ ಶಾಲೆಯ ಮುಖ್ಯಸ್ಥರು ವರ್ಗಾವಣೆ ಪತ್ರವನ್ನು (ಟಿ.ಸಿ.) ಕೂಡಲೇ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಮಗುವನ್ನು ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ನೀವು ಹೋಗಿ ಕೂಗಾಡಬೇಕಾಗಿಲ್ಲ. ಹಳೆಯ ಶಾಲೆಯಲ್ಲಿ ಮಗಳ ಎಸ್‌ಎಟಿಎಸ್ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆಸಿಕೊಂಡು ಬನ್ನಿ. ಈಗ ಮಗುವಿನ ದಾಖಲೆಯೆಲ್ಲ ಆ ಸಂಖ್ಯೆಯ ಹಿಂದೆ ನಡೆಯುತ್ತದೆ. ಕಾಗದದ ಟಿ.ಸಿ. ನಾಲ್ಕು ದಿನ ತಡವಾದರೂ ಮಗಳು ಬೆಂಚಿನ ಮೇಲೆ ಕುಳಿತಿರುತ್ತಾಳೆ.

ಮರಾಠಿಯಿಂದ ಕನ್ನಡಕ್ಕೆ ಬರುವುದು ನಮ್ಮ ಊರಿನಲ್ಲಿ ಹೊಸದೇನಲ್ಲ. ಗಲ್ಲಿಯಲ್ಲಿ ಎರಡೂ ಮಾತನಾಡುವ ಮಗುವಿಗೆ ಮಾತು ತೊಡಕಾಗುವುದಿಲ್ಲ, ಒತ್ತಕ್ಷರ ತೊಡಕಾಗುತ್ತದೆ. ದೇವನಾಗರಿಯಲ್ಲಿ ಅಕ್ಷರಗಳನ್ನು ಪಕ್ಕಪಕ್ಕ ಜೋಡಿಸಿ ರೂಢಿಯಾದ ಕೈ, ಕನ್ನಡದಲ್ಲಿ ಕೆಳಗೆ ಇಳಿಯಬೇಕು. ‘ಅಕ್ಕ’ ಎಂದು ಬರೆಯಿಸಿ ನೋಡಿ, ‘ಅಕಕ’ ಎಂದು ಬರೆದು ನಿಮ್ಮ ಮುಖ ನೋಡುತ್ತಾಳೆ. ಏಪ್ರಿಲ್, ಮೇ ಎರಡು ತಿಂಗಳು ದಿನಕ್ಕೆ ಅರ್ಧ ಪುಟ ಕಾಪಿ ಬರೆಸಿದರೆ ಸಾಕು. ಎರಡನೆಯ ತರಗತಿಯ ಕನ್ನಡ ಪುಸ್ತಕದಿಂದ ಬರೆಸಿ, ಆರನೆಯದರಿಂದ ಬೇಡ.

ಇನ್ನು ಶಾಲೆ ಆರಿಸುವುದು. ಆರರಿಂದ ಎಂಟನೆಯ ತರಗತಿಯವರಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎಂಬುದು ನಿಯಮ. ನಗರದಲ್ಲಿ ಅಷ್ಟರೊಳಗೆ ಒಂದಲ್ಲ, ಎರಡು ಮೂರು ಸಿಗುತ್ತವೆ. ಒಂದು ದಿನ ಕೆಲಸಕ್ಕೆ ರಜೆ ಹೇಳಿ ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಬೆಳಿಗ್ಗೆ ಹೋದರೆ ಎಲ್ಲ ಶಾಲೆಯೂ ಚೆಂದ, ಪ್ರಾರ್ಥನೆ ನಡೆದಿರುತ್ತದೆ. ಊಟದ ಹೊತ್ತಿಗೆ ಹೋದರೆ ಮಕ್ಕಳು ಸಾಲಿನಲ್ಲಿ ಹೇಗೆ ನಿಂತಿದ್ದಾರೆ, ಬಡಿಸುವವರು ಹೇಗೆ ಮಾತನಾಡಿಸುತ್ತಾರೆ, ಶಿಕ್ಷಕರು ಎಲ್ಲಿದ್ದಾರೆ ಎಲ್ಲವೂ ಕಾಣುತ್ತದೆ. ಹಾಗೆಯೇ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲು ತೆರೆದು ನೋಡಿ. ಒಳಗಿನ ಚಿಲಕ ಇದೆಯೇ, ಬಕೆಟ್ಟಿನಲ್ಲಿ ನೀರಿದೆಯೇ? ಹನ್ನೊಂದು ವರ್ಷದ ಹುಡುಗಿಗೆ ಆ ಚಿಲಕ ಗಣಿತದ ಶಿಕ್ಷಕರಷ್ಟೇ ಮುಖ್ಯ. ನಾಚಿಕೊಳ್ಳಬೇಡಿ, ನಾನು ಮುಖ್ಯೋಪಾಧ್ಯಾಯಿನಿಯಾಗಿದ್ದಾಗ ಹಾಗೆ ನೋಡಿದ ತಾಯಂದಿರು ಇಬ್ಬರೇ ಇಬ್ಬರು. ಇಬ್ಬರ ಮೇಲೂ ನನಗೆ ಗೌರವ ಹೆಚ್ಚಾಯಿತು, ಒಂದು ಚಿಲಕವೂ ಆ ವಾರವೇ ಬಂತು.

ಶಿಕ್ಷಕರ ಬಗ್ಗೆ ಒಂದೇ ಪ್ರಶ್ನೆ ಕೇಳಿ: ‘ಆರನೆಯದಕ್ಕೆ ಗಣಿತ, ವಿಜ್ಞಾನ ಯಾರು ಹೇಳುತ್ತಾರೆ?’ ಆರರಿಂದ ಎಂಟಕ್ಕೆ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು ಎಂದು ಕಾಯ್ದೆಯ ಅನುಸೂಚಿಯಲ್ಲಿದೆ. ಉತ್ತರ ಕೊಡುವವರು ಹೆಸರು ಹೇಳಿದರೆ ಸರಿ. ‘ಬರುತ್ತಾರೆ’ ಎಂದರೆ ಯಾವಾಗ ಎಂದು ಕೇಳಿ. ಕೊನೆಗೆ, ಶಾಲೆ ಏಳಕ್ಕೆ ನಿಲ್ಲುತ್ತದೆಯೋ, ಎಂಟರ ತನಕ ಇದೆಯೋ ನೋಡಿ. ಹತ್ತಿರದಲ್ಲಿ ಕರ್ನಾಟಕ ಪಬ್ಲಿಕ್ ಶಾಲೆ ಇದ್ದರೆ ಇನ್ನೂ ಒಳ್ಳೆಯದು. ಪಿಯುಸಿ ವರೆಗೆ ಒಂದೇ ಆವರಣ, ಎರಡು ವರ್ಷಕ್ಕೊಮ್ಮೆ ಟಿ.ಸಿ. ಹಿಡಿದು ಅಲೆಯುವುದು ತಪ್ಪುತ್ತದೆ. ದೂರವಾದರೆ ಸಿಟಿ ಬಸ್ಸು ಇದೆಯಲ್ಲ. ಶಕ್ತಿ ಯೋಜನೆಯಿಂದ ಮಗಳಿಗೆ ಟಿಕೆಟ್ಟಿನ ದುಡ್ಡು ಬೇಡ, ಗುರುತಿನ ಚೀಟಿ ಚೀಲದಲ್ಲಿರಲಿ.

ಆರ್‌ಟಿಇ ಅಡಿಯಲ್ಲಿ ಮಗನಿಗೆ ಖಾಸಗಿ ಶಾಲೆಯಲ್ಲಿ ಆರನೆಯ ತರಗತಿಗೆ ಉಚಿತ ಸೀಟು ಸಿಗುತ್ತದೆಯೇ? ಏಜೆಂಟರೊಬ್ಬರು ಕೊಡಿಸುತ್ತೇನೆ ಎನ್ನುತ್ತಿದ್ದಾರೆ.
ಹಣ್ಣಿನ ವ್ಯಾಪಾರಿ, ಗೋಕಾಕ

ಸಿಗುವುದಿಲ್ಲ. ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆಂದು ಇಟ್ಟಿರುವ ಶೇಕಡ 25ರ ಆ ಸೀಟು ಶಾಲೆಯ ಆರಂಭದ ತರಗತಿಗೆ ಮಾತ್ರ. ಅದನ್ನೂ 2019ರಿಂದ ನಮ್ಮ ರಾಜ್ಯದಲ್ಲಿ ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇಲ್ಲದ ಕಡೆಗೆ ಸೀಮಿತಗೊಳಿಸಿದ್ದಾರೆ. ಏಜೆಂಟರಿಗೆ ದುಡ್ಡು ಕೊಟ್ಟಿದ್ದರೆ ಇಂದೇ ವಾಪಸು ಕೇಳಿ. ಕೊಡದಿದ್ದರೆ ಒಂದು ಡಜನ್ ಬಾಳೆಹಣ್ಣನ್ನೂ ಕೊಡಬೇಡಿ.

ಮಗ ನಾಲ್ಕನೆಯ ತರಗತಿ, ಚುರುಕಾಗಿದ್ದಾನೆ. ನವೋದಯ, ಸೈನಿಕ, ಮೊರಾರ್ಜಿ, ಆದರ್ಶ ನಾಲ್ಕನ್ನೂ ಬರೆಸಬೇಕೆಂದಿದ್ದೇನೆ. ವಿಜಯಪುರದ ಕೋಚಿಂಗ್‌ನವರು ‘ಹಾಸ್ಟೆಲಿಗೆ ಬಿಡಿ, ಹೆಸರು ಊರ ಶಾಲೆಯಲ್ಲೇ ಇರಲಿ, ಹಾಜರಿ ನೋಡಿಕೊಳ್ಳುವಂತೆ ಹೆಡ್ ಮಾಸ್ತರರಿಗೆ ಹೇಳಿ’ ಎಂದರು. ಎಲ್ಲರೂ ಹೀಗೇ ಮಾಡುತ್ತಾರಂತೆ. ಮಾಡಲೇ?
ರೈತ, ಜಮಖಂಡಿ ತಾಲ್ಲೂಕು

ಬೇಡ. ಎಲ್ಲರೂ ಮಾಡುತ್ತಾರೆ ಎಂಬುದು ಪೂರ್ತಿ ಸುಳ್ಳಲ್ಲ, ಅದು ನನಗೆ ಗೊತ್ತು. ಆದರೂ ಬೇಡ.

ಮೊದಲು ಲೆಕ್ಕ. ನವೋದಯ ಕೇಂದ್ರ ಸರ್ಕಾರದ ವಸತಿ ಶಾಲೆ, ಜಿಲ್ಲೆಗೊಂದು ವಿದ್ಯಾಲಯ, ಆರನೆಯ ತರಗತಿಗೆ 80 ಸೀಟು. ಅದರಲ್ಲಿ ಕನಿಷ್ಠ ಶೇಕಡ 75 ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದು ಈ ಮೂರೂ ತರಗತಿಗಳನ್ನು ಹಳ್ಳಿಯ ಶಾಲೆಯಲ್ಲಿ ಪೂರ್ತಿ ಓದಿದವರು ಗ್ರಾಮೀಣರು. ಈ ಮೂರು ವರ್ಷಗಳಲ್ಲಿ ಒಂದೇ ದಿನ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಆ ಮಗು ನಗರದ ಅಭ್ಯರ್ಥಿ. ಕೋಚಿಂಗ್‌ನವರು ಹೆಸರನ್ನು ಊರಲ್ಲೇ ಇರಿಸಲು ಹೇಳುವುದು ಅದಕ್ಕಾಗಿಯೇ ಹೊರತು ಊರ ಶಾಲೆಯ ಮೇಲಿನ ಪ್ರೀತಿಯಿಂದಲ್ಲ. ಅದೂ ಅಲ್ಲದೆ ಐದನೆಯದನ್ನು ಯಾವ ಜಿಲ್ಲೆಯಲ್ಲಿ ಓದುತ್ತಾನೋ ಆ ಜಿಲ್ಲೆಯ ನವೋದಯಕ್ಕೆ ಮಾತ್ರ ಅರ್ಜಿ. ನಿಮ್ಮದು ಬಾಗಲಕೋಟೆ, ಹಾಸ್ಟೆಲ್ ವಿಜಯಪುರ. ಮಗ ಒಂದು ಜಿಲ್ಲೆಯಲ್ಲಿ ಮಲಗುತ್ತಾನೆ, ಹಾಜರಿ ಇನ್ನೊಂದು ಜಿಲ್ಲೆಯಲ್ಲಿ ಎದ್ದು ‘ಬಂದೆ ಸರ್’ ಎನ್ನುತ್ತದೆ. ಆಯ್ಕೆಯಾದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಇದು ಸಿಕ್ಕಿಬಿದ್ದರೆ ಸೀಟು ಹೋಗುತ್ತದೆ, ಸಹಿ ಹಾಕಿದ ಮಾಸ್ತರರ ನೌಕರಿಗೂ ಕುತ್ತು. ನವೋದಯ ಪರೀಕ್ಷೆಯನ್ನು ಎರಡನೆಯ ಸಲ ಬರೆಯಲು ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಈಗ ಪರೀಕ್ಷೆಯ ಮಾತು. ನವೋದಯದ ಪತ್ರಿಕೆ ಎರಡು ಗಂಟೆ, 80 ಪ್ರಶ್ನೆ, 100 ಅಂಕ. ಅದರಲ್ಲಿ 40 ಪ್ರಶ್ನೆ ಮಾನಸಿಕ ಸಾಮರ್ಥ್ಯದ್ದು: ಚಿತ್ರಗಳಲ್ಲಿ ಬೇರೆಯದು ಯಾವುದು, ಕನ್ನಡಿಯಲ್ಲಿ ಹೇಗೆ ಕಾಣುತ್ತದೆ, ಕಾಗದ ಮಡಚಿ ತೂತು ಮಾಡಿದರೆ ಬಿಚ್ಚಿದಾಗ ಹೇಗಿರುತ್ತದೆ. ಉಳಿದದ್ದು 20 ಅಂಕಗಣಿತ, 20 ಭಾಷೆ. ಕನ್ನಡದಲ್ಲೇ ಬರೆಯಬಹುದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ಯಾವ ಪ್ರಶ್ನೆಯನ್ನೂ ಖಾಲಿ ಬಿಡಬಾರದು. ಕಾಗದ ಮಡಚಿ ತೂತು ಮಾಡುವುದನ್ನು ಕಲಿಸಲು ವಿಜಯಪುರದ ಹಾಸ್ಟೆಲ್ ಏಕೆ? ಮನೆಯಲ್ಲಿ ಹಳೆಯ ಕ್ಯಾಲೆಂಡರ್ ಇಲ್ಲವೇ? ನಾನು ತರಗತಿಯಲ್ಲಿ ಮಾಡಿಸುತ್ತಿದ್ದದ್ದೇ ಹಾಗೆ. ನಾಲ್ಕು ಮಡಿಕೆ ಹಾಕಿ ಮೂಲೆಯಲ್ಲಿ ಪೆನ್ಸಿಲ್ ಚುಚ್ಚಿ, ‘ಎಷ್ಟು ತೂತು?’ ಎಂದು ಕೇಳಿ, ಬಿಚ್ಚುವ ಮೊದಲು ಸ್ಲೇಟಿನಲ್ಲಿ ಬರೆಸುವುದು. ಮೊದಲ ವಾರ ಎಲ್ಲರೂ ಒಂದು ಎನ್ನುತ್ತಾರೆ. ಮೂರನೆಯ ವಾರ ಕಾಗದ ಮುಟ್ಟದೆ ಹೇಳುತ್ತಾರೆ. ಅಂಕಗಣಿತಕ್ಕೆ ನಾಲ್ಕು, ಐದರ ಪಠ್ಯಪುಸ್ತಕ, ಜೊತೆಗೆ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ.

ಸೈನಿಕ ಶಾಲೆಯ ದಾರಿ ಬೇರೆ. 1963ರಲ್ಲಿ ಆರಂಭವಾದ ವಿಜಯಪುರದ ಶಾಲೆಯೂ ಅಖಿಲ ಭಾರತ ಪರೀಕ್ಷೆಯ ಮೂಲಕವೇ ಮಕ್ಕಳನ್ನು ತೆಗೆದುಕೊಳ್ಳುತ್ತದೆ. 300 ಅಂಕ, ಅದರಲ್ಲಿ 150 ಗಣಿತಕ್ಕೇ. ಮಾರ್ಚ್ 31ಕ್ಕೆ ವಯಸ್ಸು 10ರಿಂದ 12ರೊಳಗೆ ಇರಬೇಕು, ಆಮೇಲೆ ವೈದ್ಯಕೀಯ ತಪಾಸಣೆ. ಈಗ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಆದರೆ ಅದು ಪುಕ್ಕಟೆ ಅಲ್ಲ. ವರ್ಷದ ಶುಲ್ಕ ಲಕ್ಷ ದಾಟುತ್ತದೆ, ವಿದ್ಯಾರ್ಥಿವೇತನ ಆದಾಯ ನೋಡಿ ಕೊಡುತ್ತಾರೆ. ಸೀಟು ಸಿಕ್ಕ ಮೇಲೆ ಶುಲ್ಕ ಕೇಳಿ ಕಣ್ಣು ಬಿಟ್ಟ ತಂದೆಯರನ್ನು ಕಂಡಿದ್ದೇನೆ. ಅರ್ಜಿ ಹಾಕುವ ಮೊದಲೇ ಕೇಳಿ. ಆದರ್ಶ ವಿದ್ಯಾಲಯ ಆಂಗ್ಲ ಮಾಧ್ಯಮದ ಸರ್ಕಾರಿ ಶಾಲೆ, ಆರರಿಂದ ಹತ್ತರ ತನಕ, ಹಾಸ್ಟೆಲ್ ಇಲ್ಲ. ಐದನೆಯದನ್ನು ಅದೇ ತಾಲ್ಲೂಕಿನಲ್ಲಿ ಓದಿರಬೇಕು. ಹೊಲದ ಮನೆಯಿಂದ ದಿನಾ ಹೇಗೆ ಹೋಗಿ ಬರುತ್ತಾನೆ ಎಂಬುದಕ್ಕೆ ಉತ್ತರವಿದ್ದರೆ ಬರೆಸಿ. ಮೊರಾರ್ಜಿಯ ಮಾತು ಮುಂದಿನ ಪತ್ರದ ಉತ್ತರದಲ್ಲಿದೆ.

ನಾಲ್ಕನ್ನೂ ಬರೆಸಬೇಡಿ. ಎರಡು ಸಾಕು. ಒಂಬತ್ತು ವರ್ಷದ ಹುಡುಗ ನಾಲ್ಕು ಸಲ ‘ಆಗಲಿಲ್ಲ’ ಎಂದು ಕೇಳಿಸಿಕೊಂಡರೆ ಐದನೆಯ ಸಲ ತಾನೇ ಹೇಳಿಕೊಳ್ಳತೊಡಗುತ್ತಾನೆ. ಬೆಳಗಾವಿಯ ಬಸ್ ನಿಲ್ದಾಣದಲ್ಲಿ ಅಂಥ ಒಬ್ಬ ಹುಡುಗ ಸಿಕ್ಕಿದ್ದ. ಕೋಚಿಂಗ್ ಮುಗಿಸಿ ಊರಿಗೆ ಹೊರಟಿದ್ದ. ‘ಯಾವ ಶಾಲೆಯಪ್ಪಾ?’ ಎಂದೆ. ‘ನವೋದಯ ಬ್ಯಾಚ್, ಬಿ ವಿಭಾಗ’ ಎಂದ. ನಾನು ಕೇಳಿದ್ದು ಶಾಲೆ, ಅವನು ಹೇಳಿದ್ದು ಬ್ಯಾಚ್.

ನಾವು ಕಬ್ಬು ಕಡಿಯಲು ಹೋಗುವವರು. ದೀಪಾವಳಿ ಮುಗಿದ ಮೇಲೆ ಊರು ಬಿಟ್ಟರೆ ಯುಗಾದಿ ಹೊತ್ತಿಗೆ ಬರುತ್ತೇವೆ. ಮಗಳು ಐದನೆಯ ತರಗತಿ, ಮೊರಾರ್ಜಿ ಶಾಲೆಗೆ ಹಾಕಬೇಕೆಂದು ಅವಳ ಮಾಸ್ತರರೇ ಹೇಳಿದ್ದಾರೆ. ಏನೇನು ಕಾಗದ ಬೇಕು? ನಮಗೆ 371ಜೆ ಬರುತ್ತದೆಯೇ? (ಪತ್ರ ಬರೆದುಕೊಟ್ಟವನು ತಮ್ಮನ ಮಗ.)
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ

ಕೊನೆಯದು ಮೊದಲು. 371ಜೆ, ಅಂದರೆ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಸಂವಿಧಾನ ಕೊಟ್ಟ ವಿಶೇಷ ಮೀಸಲಾತಿ, ನಿಮಗೆ ಬರುವುದಿಲ್ಲ. ಪಕ್ಕದ ಕಲಬುರಗಿಗೆ ಇದೆ, ವಿಜಯಪುರಕ್ಕೆ ಇಲ್ಲ. ಆ ಪ್ರಮಾಣಪತ್ರಕ್ಕಾಗಿ ಯಾರಾದರೂ ಓಡಾಡಿಸಿದರೆ ಸುಮ್ಮನೆ ಒಂದು ದಿನದ ಕೂಲಿ ದಂಡ.

ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚನ್ನಮ್ಮ, ಅಂಬೇಡ್ಕರ್ ಹೆಸರಿನ ವಸತಿ ಶಾಲೆಗಳು ಎಲ್ಲವೂ ಒಂದೇ ಸಂಘದವು. ಆರರಿಂದ ಹತ್ತರ ತನಕ ಊಟ, ವಸತಿ, ಪುಸ್ತಕ, ಬಟ್ಟೆ ಉಚಿತ. ಎಲ್ಲಕ್ಕೂ ಒಂದೇ ಪ್ರವೇಶ ಪರೀಕ್ಷೆ, ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಐದನೆಯ ತರಗತಿಯ ಪಾಠದ ಮೇಲೆ 100 ಅಂಕ, ಉತ್ತರವನ್ನು ಓಎಂಆರ್ ಹಾಳೆಯಲ್ಲಿ ಗೋಲ ತುಂಬಬೇಕು. ಅಂಕ, ಮೀಸಲಾತಿ, ಅರ್ಜಿಯಲ್ಲಿ ನೀವು ಬರೆದ ಶಾಲೆಗಳ ಕ್ರಮ ಇವನ್ನು ನೋಡಿ ಸೀಟು ಹಂಚುತ್ತಾರೆ. ಆದ್ದರಿಂದ ನಿಮಗೆ ನಿಜವಾಗಿ ಬೇಕಾದ ಶಾಲೆಯನ್ನು ಮೊದಲು ಬರೆಯಿಸಿ. ಸೈಬರ್ ಅಂಗಡಿಯವನು ತನಗೆ ತೋಚಿದ ಕ್ರಮದಲ್ಲಿ ಒತ್ತಿ ‘ಆಯಿತು’ ಎನ್ನುತ್ತಾನೆ, ಅವನ ಪಕ್ಕದಲ್ಲೇ ನಿಂತು ಓದಿಸಿಕೊಳ್ಳಿ.

ಅರ್ಜಿ ಸಾಮಾನ್ಯವಾಗಿ ಚಳಿಗಾಲದಲ್ಲಿ ಬರುತ್ತದೆ, ಅಂದರೆ ನೀವು ಗದ್ದೆಯಲ್ಲಿ ಕೊಯ್ತಾ ಹಿಡಿದಿರುವಾಗ. ಹೀಗಾಗಿ ಕಾಗದವೆಲ್ಲ ದಸರೆಗೆ ಮೊದಲೇ ಆಗಬೇಕು. ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್‌ಡಿ ಸಂಖ್ಯೆ ಸ್ಪಷ್ಟವಾಗಿರಲಿ. ಆಧಾರ್, ಎಸ್‌ಎಟಿಎಸ್ ಸಂಖ್ಯೆ, ಫೋಟೊ, ನಂಬಿಕಸ್ಥರ ಒಂದು ಮೊಬೈಲ್ ಸಂಖ್ಯೆ. ನಿಮ್ಮ ಮೊಬೈಲ್ ಬೇಡ, ಕಬ್ಬಿನ ಪಡದಲ್ಲಿ ಸಿಗ್ನಲ್ ಇರುವುದಿಲ್ಲ, ಸಂದೇಶ ಬಂದದ್ದೂ ತಿಳಿಯುವುದಿಲ್ಲ. ಇವನ್ನೆಲ್ಲ ನೆಲದ ಮೇಲೆ ಹರಡಿ ಹೆಸರು ಒಂದೇ ಇದೆಯೇ ನೋಡಿ. ಆಧಾರಿನಲ್ಲಿ ತಂದೆಯ ಹೆಸರು ಲಕ್ಷ್ಮಣ, ಶಾಲೆಯಲ್ಲಿ ಲಕ್ಕಪ್ಪ ಎಂದಿದ್ದರೆ ಊರವರಿಗೆಲ್ಲ ಒಬ್ಬನೇ, ಕಂಪ್ಯೂಟರಿಗೆ ಇಬ್ಬರು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಒಂದು ತಪ್ಪು ಕಾರಣ. ಅರ್ಜಿಯನ್ನು ಕೈಯಲ್ಲಿ ತುಂಬುತ್ತಿದ್ದ ಕಾಲ, ನಾನು ಖಾನಾಪುರ ತಾಲ್ಲೂಕಿನಲ್ಲಿ ಐದನೆಯ ತರಗತಿಯ ಶಿಕ್ಷಕಿ. ನನ್ನ ತರಗತಿಯ ಒಬ್ಬಳ ವಸತಿ ಶಾಲೆಯ ಅರ್ಜಿಯನ್ನು ನಾನೇ ತುಂಬಿದೆ. ಹುಟ್ಟಿದ ದಿನದ ಕಡೆ ಬಂದಾಗ ದಾಖಲಾತಿ ವಹಿ ತೆಗೆಯಲು ಆಲಸ್ಯ. ನಮ್ಮ ಕಡೆಯ ಅರ್ಧ ಮಕ್ಕಳು ಜೂನ್ 1ಕ್ಕೆ ಹುಟ್ಟಿದವರು, ಹೆಸರು ಹಚ್ಚಿದ ಮಾಸ್ತರರ ಕೃಪೆ. ಇವಳೂ ಹಾಗೇ ಎಂದು ಜೂನ್ 1 ಬರೆದೆ. ವಹಿಯಲ್ಲಿದ್ದದ್ದು ಜುಲೈ 22. ಹುಡುಗಿ ಪರೀಕ್ಷೆಯಲ್ಲಿ ಪಾಸಾದಳು, ಪಟ್ಟಿಯಲ್ಲಿ ಹೆಸರು ಬಂತು. ಸೇರಿಸುವ ದಿನ ನಾನೂ ಜೊತೆಗೆ ಹೋದೆ. ಅವಳ ಅಪ್ಪ ಹಸಿರು ಬಣ್ಣದ ಹೊಸ ಟ್ರಂಕು ತಂದಿದ್ದ. ಮೇಲೆ ಹಳದಿ ಬಣ್ಣದಲ್ಲಿ ಅವಳ ಹೆಸರು, ಅದರ ಕೆಳಗೆ ‘6ನೇ ತರಗತಿ’. ಹಿಂದಿನ ರಾತ್ರಿ ಬರೆಸಿದ್ದು, ಇನ್ನೂ ಒಣಗಿರಲಿಲ್ಲ. ಅಪ್ಪನ ಬಿಳಿ ಅಂಗಿಯ ತೋಳಿಗೆ ‘6’ ಉಲ್ಟಾ ಮೂಡಿತ್ತು. ಮೇಜಿನ ಆಚೆಯವರು ಟಿ.ಸಿ.ಯನ್ನೂ ಅರ್ಜಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು, ಆಮೇಲೆ ನನ್ನನ್ನು ನೋಡಿದರು. ತಿದ್ದುಪಡಿಯ ಕಾಗದ ತರಲು ಎರಡು ದಿನ ಕೊಟ್ಟರು. ಅದರಲ್ಲೊಂದು ಭಾನುವಾರ. ಮೂರನೆಯ ದಿನ ನಾನು ಕಾಗದ ಹಿಡಿದು ಹೋಗುವಷ್ಟರಲ್ಲಿ ಸೀಟು ಪಟ್ಟಿಯ ಮುಂದಿನವರಿಗೆ ಹೋಗಿತ್ತು. ಅವರು ನಿಯಮದಂತೆ ನಡೆದರು, ತಪ್ಪು ನನ್ನದೇ. ಟ್ರಂಕು ಬಸ್ಸಿನ ಮೇಲೆ ಏರಿ ಊರಿಗೆ ಮರಳಿತು. ಆ ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಅಂದಿನಿಂದ ವಹಿ ತೆರೆಯದೆ ಯಾವ ಮಗುವಿನ ದಿನಾಂಕವನ್ನೂ ನಾನು ಬರೆದಿಲ್ಲ. ನೀವೂ ಮಾಸ್ತರರಿಗೆ ‘ವಹಿ ತೆಗೆಯಿರಿ’ ಎಂದು ಹೇಳಿ. ಬೇಸರ ಮಾಡಿಕೊಂಡರೆ ಮಾಡಿಕೊಳ್ಳಲಿ.

ಪರೀಕ್ಷೆಯಲ್ಲಿ ಆಗದಿದ್ದರೆ ಮಗಳನ್ನು ಗಾಡಿ ಹತ್ತಿಸಬೇಡಿ. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಯಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯದ ಬಗ್ಗೆ ಕೇಳಿ. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ, ನಿಮ್ಮಂಥ ಮನೆಗಳ ಹೆಣ್ಣುಮಕ್ಕಳಿಗಾಗಿಯೇ ಇರುವ ವಸತಿ ವ್ಯವಸ್ಥೆ ಅದು, ಶಾಲೆ ಬಿಟ್ಟವರಿಗೂ ಬಿಡುವ ಅಂಚಿನಲ್ಲಿರುವವರಿಗೂ. ದಲ್ಲಾಳಿಯ ಮುಂಗಡದ ಲೆಕ್ಕದಲ್ಲಿ ಅವಳ ಹೆಸರು ಮಾತ್ರ ಸೇರದಿರಲಿ.

ಅಕ್ಕಾವರಿಗೆ ನಮಸ್ಕಾರ. ನಾನೇ ಬರೆಯುತ್ತಿದ್ದೇನೆ, ಅವ್ವನಿಗೆ ಗೊತ್ತಿಲ್ಲ. ಆಲಮಟ್ಟಿಯ ನವೋದಯಕ್ಕೆ ಪಾಸಾದರೆ ಅಲ್ಲೇ ಇರಬೇಕಂತೆ. ಮನೆಯ ರೊಟ್ಟಿ ಒಯ್ಯಲು ಬಿಡುತ್ತಾರೆಯೇ?
5ನೇ ತರಗತಿ, ಬಸವನ ಬಾಗೇವಾಡಿ ತಾಲ್ಲೂಕು

ಅಕ್ಷರ ದುಂಡಗಿದೆ, ಆದರೆ ‘ಪಾಸಾದರೆ’ ಎಂಬಲ್ಲಿ ನೀನು ದೀರ್ಘ ಮರೆತಿದ್ದೆ, ನಾನು ತಿದ್ದಿದ್ದೇನೆ. ಸೇರಿಸಲು ಹೋಗುವ ದಿನ ಅವ್ವನಿಗೆ ಖಡಕ್ ರೊಟ್ಟಿ ಮಾಡಲು ಹೇಳು, ಮೆತ್ತನೆಯವು ಮೂರು ದಿನಕ್ಕೆ ಬೂಸು ಹಿಡಿಯುತ್ತವೆ. ಶೇಂಗಾ ಚಟ್ನಿ ಪುಡಿಯಾಗಿರಲಿ, ಎಣ್ಣೆ ಹಾಕಿಸಬೇಡ, ಬಟ್ಟೆಗೆ ಇಳಿಯುತ್ತದೆ. ಡಬ್ಬಿಯನ್ನು ವಾರ್ಡನ್ನರಿಗೆ ತೋರಿಸಿ, ಕೇಳಿಯೇ ಇಟ್ಟುಕೊ. ಈ ಪತ್ರದ ವಿಷಯ ಅವ್ವನಿಗೆ ನಾನು ಹೇಳುವುದಿಲ್ಲ, ಪತ್ರಿಕೆ ಓದಿದರೆ ಅವಳೇ ಕಂಡುಹಿಡಿಯುತ್ತಾಳೆ.